ಖಾಲಿ ಸೊಸೈಟಿಯ ಸೆಕ್ರೆಟರಿ

ಟಿಂಗ್.

ಟೈಪ್‌ರೈಟರಿನಲ್ಲಿ ಸಾಲು ಮುಗಿಯಲು ಇನ್ನು ಕೆಲವೇ ಅಕ್ಷರ ಉಳಿದಾಗ ಬಡಿಯುವ ಸಣ್ಣ ಗಂಟೆ. ಪುಣೆಯ ಬಿಬವೇವಾಡಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿದ್ದ ಆ ಕೋಣೆಗೆ ನಾನು ಮೊದಲ ಸಲ ಏದುಸಿರು ಬಿಡುತ್ತ ಹತ್ತಿ ಹೋದಾಗ ಕೇಳಿದ್ದು ಆ ಸದ್ದು. ಸುತ್ತ ನೋಡಿದರೆ ಒಂದೂ ಟೈಪ್‌ರೈಟರ್ ಇರಲಿಲ್ಲ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಮಿಠಾಯಿ ಡಬ್ಬಿಯಷ್ಟು ದೊಡ್ಡ ಕಪ್ಪು ಕಂಪ್ಯೂಟರೊಂದು ಗುಂಯ್‌ಗುಡುತ್ತಿತ್ತು. ಎಲ್ಲಿಂದಲೋ ಯಾರೋ ಬರೆದದ್ದು ಬಂದು ಅದರೊಳಗೆ ಬಿದ್ದಾಗಲೆಲ್ಲ ಟಿಂಗ್. ಹಳೆಯ ಮಷಿನ್‌ಗಳನ್ನೆಲ್ಲ ಮಾರುವ ಮುನ್ನ ಮಾಸ್ತರರು ಒಂದರ ಗಂಟೆಯನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದರಂತೆ.

ಅವರು ನಾನು ಕಲಿತ ಶಾಲೆಯ ಮಾಸ್ತರರಲ್ಲ. ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸಿದವರು. ಊರಿಗೆಲ್ಲ ಮಾಸ್ತರ್, ಹಾಗಾಗಿ ನನಗೂ. ಸುಮ್ಮನೆ ಕೂತಾಗಲೂ ಅವರ ಹತ್ತು ಬೆರಳು ಮೇಜಿನ ಮೇಲೆ ಕಾಣದ ಕೀಲಿಗಳ ಮೇಲೆ ಇಟ್ಟಂತೆ ಹರಡಿಕೊಂಡಿರುತ್ತಿದ್ದವು. ಬಲಗೈ ಸಣ್ಣಗೆ ನಡುಗುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. "ಅದು ತಾನಽ ಪ್ರ್ಯಾಕ್ಟೀಸ್ ಮಾಡ್ತದ್ರಿ ಅಕ್ಕಾರ, ನನ್ನ ಕೇಳೂದಿಲ್ಲ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಎರಡು ವಾರದಿಂದ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಎಲ್ಲರೂ ಇರುವ ದೊಡ್ಡ ಕಂಪನಿಯ ಜಾಲತಾಣದಲ್ಲಿ ನನ್ನ ಅಕೌಂಟ್ ಒಂದು ಬೆಳಿಗ್ಗೆ ಲಾಕ್ ಆಗಿತ್ತು. ಹನ್ನೊಂದು ವರ್ಷದ ಬರವಣಿಗೆ, ಮನೆಯವರು ತೀರಿಕೊಂಡಾಗ ಜನ ಬರೆದ ನಾಲ್ಕು ಸಾಂತ್ವನದ ಮಾತು, ಎಲ್ಲ ಒಳಗೇ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಇಂಗ್ಲಿಷ್‌ನಲ್ಲಿ, ‘ರೆಸ್ಪೆಕ್ಟೆಡ್ ಸರ್ ಆರ್ ಮ್ಯಾಡಮ್’ ಎಂದು ಆರಂಭಿಸಿ ಆರು ಅಪ್ಲಿಕೇಶನ್ ಬರೆದೆ. ಆರಕ್ಕೂ ಒಂದೇ ಉತ್ತರ ಬಂತು, ಮಷಿನ್‌ನದು. ಕ್ಯಾಂಪ್ ಪೇಟೆಯ ಮೊಬೈಲ್ ಅಂಗಡಿಯವನು ಹೊಸ ಫೋನ್ ಕೊಳ್ಳಿ ಎಂದ. ಅಲ್ಲೇ ಕವರ್ ಆರಿಸುತ್ತ ನಿಂತಿದ್ದ ಧಾರವಾಡದ ಹೆಣ್ಣುಮಗಳೊಬ್ಬಳು ನನ್ನ ಮುಖ ನೋಡಿ, "ಅಜ್ಜೀ, ಬಿಬವೇವಾಡಿ ಮಾಸ್ತರ್ ಕಡೆ ಹೋಗ್ರಿ," ಎಂದಳು.

"ಆ ಅಕೌಂಟ್ ನನ್ನ ಕೈಲೆ ತಗೀಲಿಕ್ಕೆ ಆಗೂದಿಲ್ರಿ," ಎಂದು ಮಾಸ್ತರರು ಮೊದಲೇ ಹೇಳಿಬಿಟ್ಟರು. "ಅಲ್ಲಿ ಇಡೀ ಊರಿಗೆ ಮಾಲಕ ಒಬ್ಬನಽ. ನೀವು ಬಾಡಿಗಿಯವರು. ಆಂವ ಕೀಲಿ ಹಾಕಿದ್ರ ಮುಗೀತು. ನಾವು ಇರೂ ಈ ಜಾಲದಾಗ ಹಂಗಲ್ಲ. ಇಲ್ಲಿ ಊರ ತುಂಬ ಸಣ್ಣ ಸಣ್ಣ ಹೌಸಿಂಗ್ ಸೊಸೈಟಿ ಅದಾವ ಅಂತ ತಿಳೀರಿ. ಒಂದೊಂದಕ್ಕ ಒಬ್ಬೊಬ್ಬ ಸೆಕ್ರೆಟರಿ, ಅವರವರ ನಿಯಮ. ಈ ಡಬ್ಬಿ ಒಂದು ಸೊಸೈಟಿ. ಇದಕ್ಕ ಸೆಕ್ರೆಟರಿ ನಾನಽ, ವಾಚ್‌ಮನ್ ನಾನಽ, ನೀರಿನ ಪಂಪ್ ಹಚ್ಚಾಂವನೂ ನಾನಽ."

"ಬ್ಯಾರೆ ಸೊಸೈಟಿಯವರ ಜೋಡಿ ಮಾತಾಡಬೇಕಂದ್ರ ಅಲ್ಲೂ ಒಂದು ಫ್ಲ್ಯಾಟ್ ಹಿಡೀಬೇಕೇನ್ರಿ?" ಎಂದು ಕೇಳಿದೆ.

"ನಿಮ್ಮ ತಂಗಿ ಕೋಥರೂಡದಾಗ ಇದ್ರ, ಆಕಿ ಜೋಡಿ ಮಾತಾಡ್ಲಿಕ್ಕೆ ಅಲ್ಲಿ ಫ್ಲ್ಯಾಟ್ ತಗೋತೀರೇನು?"

ಒಳಗಿನಿಂದ ಚಹಾ ತಂದ ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಕಪ್ಪು ಡಬ್ಬಿಯ ಕಡೆ ಕಣ್ಣು ಮಾಡಿ, "ಅದಕ್ಕೊಂದು ಆರತಿ ಎತ್ತೂದು ಬಾಕಿ ಉಳದದ ನೋಡ್ರಿ," ಎಂದರು.

ಆ ದಿನ ಮಾಸ್ತರರು ಹೇಳಿದ ಎರಡು ಮಾತು ನೆನಪಿವೆ. ಒಂದು, ಇಲ್ಲಿ ವಿಳಾಸಕ್ಕೆ ಎರಡು ಭಾಗ: ನಿಮ್ಮ ಹೆಸರು, ಆಮೇಲೆ ಸೊಸೈಟಿಯ ಹೆಸರು. "ಪುಣೇದಾಗ ಬರೇ ಫ್ಲ್ಯಾಟ್ ನಂಬರ್ ಹೇಳಿದ್ರ ರಿಕ್ಷಾದಾಂವ ಎಲ್ಲಿಗಂತ ಹೋಗ್ತಾನ? ಎರಡೂ ಬರಕೋರಿ. ಇಲ್ಲಿ ಇಡೀ ಊರಿಂದು ಒಂದಽ ಡೈರೆಕ್ಟರಿ ಅಂತ ಇಲ್ಲ." ಇನ್ನೊಂದು, ಖಾಸಗಿ ಪತ್ರದ ಬಗ್ಗೆ. "ಅದಕ್ಕ ಲಕೋಟಿ ಇಲ್ರಿ, ಪೋಸ್ಟ್‌ಕಾರ್ಡ್ ಇದ್ದಂಗ. ಮನಸ್ಸು ಮಾಡಿದ್ರ ನಾ ಓದಬಹುದು. ಓದೂದಿಲ್ಲ. ಆದ್ರ ಓದಬಹುದು ಅನ್ನೂದು ನಿಮಗ ಗೊತ್ತಿರಬೇಕು." ದೊಡ್ಡ ಕಂಪನಿ ಹನ್ನೊಂದು ವರ್ಷದಲ್ಲಿ ನನಗೆ ಇಷ್ಟು ಹೇಳಿರಲಿಲ್ಲ.

ಹೆಸರು ಏನು ಕೊಡಲಿ ಎಂದು ಅವರು ಕೇಳಿದಾಗ ಬಾಯಿಗೆ ಬಂದದ್ದು ‘ಇಂಕ್‌ಪಾಟ್’. ಬೆಳಗಾವಿಯ ಬೋರ್ಡಿಂಗ್‌ನಲ್ಲಿ ನನ್ನ ಹೆಸರು. ಸದಾ ಬೆರಳಿಗೆ ಶಾಯಿ. ಅದನ್ನು ಒರೆಸುತ್ತಿದ್ದವಳು ಪಕ್ಕದ ಮಂಚದವಳು. ಅವಳಿಗೆ ನಾವೆಲ್ಲ ಇಟ್ಟ ಹೆಸರು ಬ್ಲಾಟಿಂಗ್, ಶಾಯಿ ಹೀರುವ ಕಾಗದ.

ಮಾಸ್ತರರ ಸೊಸೈಟಿಯಲ್ಲಿ ನಲವತ್ತು ಜನರೂ ಇರಲಿಲ್ಲ. ಎಲ್ಲ ಪುಣೆಯ ಕನ್ನಡದವರು. ನಾನು ಅಲ್ಲಿ ನಮ್ಮ ಬೋರ್ಡಿಂಗ್‌ನ ಶುಕ್ರವಾರದ ಕ್ಯಾಬೇಜ್ ಸೂಪಿನ ಬಗ್ಗೆ ಒಂದು ದಿನ ಬರೆದೆ. ಅದರ ಕೆಳಗೆ ಯಾವುದೋ ದೂರದ ಸೊಸೈಟಿಯಿಂದ ಒಂದು ಉತ್ತರ ಬಂದು ಕೂತಿತ್ತು.

"ಕ್ಯಾಬೇಜ್ ಹ್ಯಾಂಕಿಯೊಳಗ ಸುತ್ತಿ ಸ್ಕರ್ಟಿನ ಪಾಕೀಟಿಗೆ ಹಾಕ್ಕೊಂಡಿದ್ದು ಯಾಕ ಬರೀಲಿಲ್ಲ? ಚೀಟರ್!"

ಬ್ಲಾಟಿಂಗ್. ಐವತ್ತು ವರ್ಷದ ಮೇಲೆ.

ನನ್ನ ಅಪರಾಧವನ್ನು ಇಲ್ಲಿ ಬರೆಯಲೇಬೇಕು. ಮದುವೆಯಾದ ಮೇಲೆ ಅವಳು ನನಗೆ ಪತ್ರ ಬರೆಯುತ್ತಿದ್ದಳು. ಮನೆಯವರದು ಬ್ಯಾಂಕಿನ ನೌಕರಿ. ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್. ಪ್ರತಿ ಸಲ ಗ್ಯಾಸ್ ಸಿಲಿಂಡರ್ ಮರಳಿಸಿ ವೋಚರ್ ತಗೊಂಡೆ, ರೇಷನ್ ಕಾರ್ಡ್ ಸರೆಂಡರ್ ಮಾಡಿದೆ, ಮಕ್ಕಳ ಟೀಸಿ ತೆಗೆಸಿದೆ. ಅವಳಿಗೆ ಒಂದು ಸಾಲು ಬರೆದು ಹೊಸ ವಿಳಾಸ ತಿಳಿಸಲಿಲ್ಲ. ಬರೆದರಾಯಿತು, ಬರೆದರಾಯಿತು ಎನ್ನುತ್ತಲೇ ವರ್ಷ ಕಳೆಯಿತು, ಆಮೇಲೆ ಬರೆಯಲು ನಾಚಿಕೆಯಾಯಿತು. ಅವಳ ಮೂರು ಲಕೋಟೆ ‘ಲೆಫ್ಟ್’ ಎಂಬ ಷರಾ ಹೊತ್ತು ಅವಳಿಗೇ ಮರಳಿದ್ದವಂತೆ.

ಈಗ ಅವಳ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಹೊಸ ಗೆಳೆತನಕ್ಕೆ ಅವಳೇ ರೂಲ್ಸ್ ಹಾಕಿದಳು: ಫೋನ್ ಇಲ್ಲ, ಫೋಟೋ ಇಲ್ಲ, ಎಲ್ಲಿದ್ದೀ ಎಂದು ಕೇಳುವಂತಿಲ್ಲ. "ಕೇಳಿದ್ರ ಓಡಿ ಬರ್ತೀ. ಈ ಮುಖ ನೀ ನೋಡೂದು ಬ್ಯಾಡ. ಬರೀ, ಸಾಕು." ಒಂದು ವರ್ಷ ದಿನಾ ಬರೆದೆವು. ಆಮೇಲೆ ಒಂದು ದಿನ ಬರೆದಳು: "ಬರೂ ತಿಂಗಳು ಸೆಕೆಂಡ್ ಆಪರೇಷನ್. ಏನಾತು ಅಂತ ನಾನಽ ಬರೀತೀನಿ, ಬದುಕಿದ್ರ. ಪ್ಲೀಸ್, ಈ ಸಲ ಎಲ್ಲೂ ಹೋಗಬ್ಯಾಡ."

ಅದೇ ವಾರ ಮಾಸ್ತರರ ನೋಟಿಸ್ ಬಂತು. ಕೈ ಕೇಳುತ್ತಿಲ್ಲ, ಡಬ್ಬಿಯ ದೇಖರೇಖಿ ಇನ್ನು ಸಾಧ್ಯವಿಲ್ಲ, ಮೂರು ತಿಂಗಳಲ್ಲಿ ಮುಚ್ಚುತ್ತೇನೆ. ಯಾರೂ ಹೆದರಬೇಡಿ; ಇಲ್ಲಿಂದ ಬೇರೆ ಸೊಸೈಟಿಗೆ ಹೋದರೆ ನಿಮ್ಮ ಜೊತೆಯವರೂ ತಾವಾಗಿ ನಿಮ್ಮ ಹೊಸ ಮನೆಗೆ ಬರುತ್ತಾರೆ. ಒಬ್ಬೊಬ್ಬರ ಜೊತೆ ನಾನೇ ಕೂತು ಮಾಡಿಸುತ್ತೇನೆ. ಪುಣೆ ಹತ್ತಿರದ ಭೋರ್‌ನಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು, ಶಾಲೆಯ ಕ್ಲರ್ಕ್, ಇಂಥದೇ ಒಂದು ಸೊಸೈಟಿ ನಡೆಸುತ್ತಿದ್ದಳು. ನಮಗೆಲ್ಲ ಅಲ್ಲಿ ಜಾಗವಿತ್ತು. ನನ್ನ ಸರದಿ ಗುರುವಾರ.

ಮಂಗಳವಾರ ನಾನು ಮನೆಯಲ್ಲಿ ಕೂತು ಯೋಚಿಸಿದೆ. ಪಾಪ, ನಡುಗುವ ಕೈ. ಅರ್ಧ ಕೆಲಸ ನಾನೇ ಮುಗಿಸಿದರೆ ಅವರಿಗೆ ಹಗುರ. ಮನೆ ಬಿಡುವ ಕ್ರಮ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೊದಲು ಹಳೆಯದನ್ನು ಸರೆಂಡರ್ ಮಾಡಬೇಕು. ಅದರ ಚೀಟಿ ತೋರಿಸಿ ಹೊಸದು ತಗೋಬೇಕು. ಜೀವನವಿಡೀ ಹಾಗೇ ಮಾಡಿದವಳು. ಸೆಟ್ಟಿಂಗ್ಸ್‌ಗೆ ಹೋದೆ. ಅಕೌಂಟ್ ಅಳಿಸಬೇಕೇ ಎಂದು ಕೇಳಿತು. ಎಸ್. ಖಂಡಿತವೇ? ಎಸ್. ಪಾಸ್‌ವರ್ಡ್ ಹಾಕಿದೆ.

ಗುರುವಾರ ಸೀರೆಯ ನಿರಿಗೆ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದೆ. "ಎಲ್ಲಾ ಸರೆಂಡರ್ ಮಾಡಿ ಬಂದೀನ್ರಿ ಮಾಸ್ತರ. ವೋಚರ್ ನೀವು ಕೊಡ್ತೀರೋ, ಭೋರ್‌ದವರು ಕೊಡ್ತಾರೋ?"

ಅವರು ಚಹಾದ ಕಪ್ಪನ್ನು ಬಸಿಗೆ ಇಳಿಸಿದರು. ಅದು ಗಡಗಡ ಸದ್ದು ಮಾಡಿತು.

"ಏನ್ ಸರೆಂಡರ್ ಮಾಡಿದ್ರಿ, ಅಕ್ಕಾರ?"

ಹೇಳಿದೆ. ಅವರು, ಯಾರಿಗೋ ಆಸ್ಪತ್ರೆಯ ಸುದ್ದಿ ಹೇಳುವಂತೆ, ನಿಧಾನವಾಗಿ ತಿಳಿಸಿದರು. ಇಲ್ಲಿ ಕ್ರಮ ತಿರುವುಮುರುವು. ಮೊದಲು ಹೊಸ ಮನೆ ಹಿಡಿಯಬೇಕು. ಅಲ್ಲಿಂದ, ಆ ಹಳೆ ಮನೆಯವಳೂ ನಾನೇ ಎಂದು ಹೇಳಬೇಕು. ಆಮೇಲೆ ಹಳೆ ಮನೆಯಿಂದ, ನಾನು ಅಲ್ಲಿಗೆ ಹೋಗುತ್ತಿದ್ದೇನೆ ಎಂದು ಹೇಳಬೇಕು. ಎರಡೂ ಕಡೆ ದೀಪ ಉರಿಯುತ್ತಿದ್ದರೆ ಮಾತ್ರ ಜನಕ್ಕೆ ದಾರಿ ಕಾಣುತ್ತದೆ.

"ಹಂಗಾರ ಅದನ್ನ ಮತ್ತ ತಗೀರಿ."

"ಬಿಟ್ಟ ಹೆಸರನ್ನ ಇದು ಮತ್ತ ಯಾರಿಗೂ ಕೊಡೂದಿಲ್ರಿ. ನಿಮಗೂ ಇಲ್ಲ."

"ಆಕಿ ಕಡೆ ನನ್ನ ಕಾಗದಾನರೆ ಇರ್ತಾವಲ್ಲ?"

ಅವರು ನನ್ನನ್ನು ನೋಡಲಿಲ್ಲ. "ಅಳಿಸಿರಿ ಅಂತ ಎಲ್ಲಾ ಸೊಸೈಟಿಗೂ ಸುದ್ದಿ ಹೋಗಿರ್ತದ. ಅವರು ಬರದದ್ದು ಅವರಿಗೆ ಕಾಣ್ತದ. ನಿಮ್ಮದು ಕಾಣೂದಿಲ್ಲ."

ಅಂದರೆ ಬ್ಲಾಟಿಂಗ್ ಆಪರೇಷನ್ನಿನ ಹಿಂದಿನ ದಿನ ಫೋನ್ ತೆಗೆದು ನೋಡುತ್ತಾಳೆ. ಅವಳು ಕೇಳಿದ ಪ್ರಶ್ನೆಗಳಷ್ಟೇ ಇರುತ್ತವೆ, ಒಂದಕ್ಕೂ ಉತ್ತರವಿರುವುದಿಲ್ಲ. ಹೆಸರು ಒತ್ತಿದರೆ, ಇಂಥವರು ಇಲ್ಲಿಲ್ಲ ಎನ್ನುತ್ತದೆ. ಮತ್ತೊಮ್ಮೆ ‘ಲೆಫ್ಟ್’.

ನಾನು ಆ ಕೋಣೆಯಲ್ಲಿ, ಎಪ್ಪತ್ತಾರು ವರ್ಷದ ಹೆಂಗಸು, ಬಾಯಿಗೆ ಸೆರಗು ಹಿಡಿದು ಅತ್ತೆ. ವೈನಿ ಬಂದು ಬೆನ್ನು ಸವರಿದರು. ಮಾಸ್ತರರು ಕಾದು, ಅವರ ವಿಳಾಸ ಕೊಡಿ, ಭೋರ್‌ನಿಂದ ಈಗಲೇ ಬರೆಯೋಣ ಎಂದರು. ಡೈರಿ ತೆಗೆದೆ. ಅದರಲ್ಲಿ ಬ್ಲಾಟಿಂಗ್ ಎಂದಷ್ಟೇ ಬರೆದಿತ್ತು. ಅವಳ ಹೆಸರು ಒತ್ತಿದರೆ ಸಾಕಾಗುತ್ತಿತ್ತಲ್ಲ, ಹೆಸರಾದ ಮೇಲಿನದೆಲ್ಲ ಬರಿಯ ಬಾಲ ಎಂದುಕೊಂಡಿದ್ದೆ. ಫ್ಲ್ಯಾಟ್ ನಂಬರ್ ಇತ್ತು. ಸೊಸೈಟಿ ಇರಲಿಲ್ಲ.

ಆಗ ಅವರು ಬೈಯಬಹುದಿತ್ತು. ಅವರು ಹೇಳಿದ್ದ ಎರಡು ಮಾತಿನಲ್ಲಿ ಒಂದನ್ನು ನಾನು ಗಾಳಿಗೆ ಬಿಟ್ಟಿದ್ದೆ. ಅವರು ಹೇಳಿದ್ದು ಇಷ್ಟೇ: "ಗಂಟಿ ಬಡದ್ರ ಸಾಲು ಮುಗೀತು ಅಂತಲ್ರಿ, ಅಕ್ಕಾರ. ಇನ್ನೂ ನಾಲ್ಕಕ್ಷರಕ್ಕ ಜಾಗಾ ಇರ್ತದ. ಗಾಬರಿ ಆಗಬಾರದು." ಟೈಪಿಂಗ್ ಪರೀಕ್ಷೆಯಲ್ಲಿ ಕೈ ಬಿಟ್ಟ ಹುಡುಗಿಯರಿಗೆಲ್ಲ ಅದನ್ನೇ ಹೇಳುತ್ತಿದ್ದರಂತೆ.

ಪ್ರತಿ ಭಾನುವಾರ ಅವರು ಡಬ್ಬಿಯೊಳಗಿನದೆಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಚಕ್ಕಲಿ ಡಬ್ಬಿಯಲ್ಲಿ ಇಡುತ್ತಿದ್ದರು. ನಾನು ಅಳಿಸಿದ್ದು ಮಂಗಳವಾರ. ಭಾನುವಾರದ ನಕಲಿನಲ್ಲಿ ನಾನು ಇನ್ನೂ ಬದುಕಿದ್ದೆ. ಅದನ್ನು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ, ಹೊರಗಿನ ಯಾರಿಗೂ ಕಾಣದಂತೆ ಬಿಚ್ಚಿ, ಅವಳ ವಿಳಾಸವನ್ನಷ್ಟೇ ಹುಡುಕಿ ತೆಗೆಯಬೇಕು. ಅದಕ್ಕೆ ಪುಟಗಟ್ಟಲೆ ಟೈಪ್ ಮಾಡಬೇಕು. ಒಂದು ಚುಕ್ಕಿ ತಪ್ಪಿದರೂ ನಡೆಯದು. ಅವರ ಬೆರಳು ಒಂದೊಂದು ಕೀಲಿಯನ್ನು ಮೂರು ಸಲ ಬಡಿಯುತ್ತಿತ್ತು. ಅರ್ಧ ಗಂಟೆ ಪ್ರಯತ್ನಿಸಿ ಕೈ ಹಿಂದೆ ತೆಗೆದರು. ಪುಣೆಯ ಅರ್ಧ ಆಫೀಸುಗಳಿಗೆ ಟೈಪಿಸ್ಟ್‌ಗಳನ್ನು ಕೊಟ್ಟ ಮನುಷ್ಯ.

"ನೀವು ಕೂಡ್ರಿ," ಎಂದರು.

"ನನಗ ಟೈಪಿಂಗ್ ಬರೂದಿಲ್ರಿ!"

"ಬರ್ತದ. ಕಾನ್ವೆಂಟ್‌ದವರು, ಸ್ಪೆಲಿಂಗ್ ತಪ್ಪೂದಿಲ್ಲ. ಬೆರಳು ಮನೀಗೆ ಬರಲಿ." ಮಧ್ಯದ ಸಾಲಿನ ಕೀಲಿಗಳಿಗೆ ಅವರು ಮನೆ ಎನ್ನುತ್ತಿದ್ದರು. ಎಲ್ಲಿ ಹೋದರೂ ಬೆರಳು ಅಲ್ಲಿಗೆ ಮರಳಬೇಕು.

ನಾಲ್ಕು ದಿನ. ಬೆಳಿಗ್ಗೆ ಹತ್ತಕ್ಕೆ ಹೋಗುತ್ತಿದ್ದೆ; ಅವರು ಕಣ್ಣು ಮುಚ್ಚಿ ಅಕ್ಷರ ಅಕ್ಷರ ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಕೆಳಗೆ ಗಿರಣಿ ನಡೆದರೆ ನೆಲವೇ ನಡುಗುತ್ತಿತ್ತು. ಕೆಂಪು ಅಕ್ಷರದ ಎರರ್ ಬಂದರೆ ಆ ಸಾಲನ್ನು ಮೊದಲಿನಿಂದ ಹೊಡೆಯುತ್ತಿದ್ದೆ. ವೈನಿ, "ಇಬ್ಬರೂ ಕೂಡಿ ಯಾವ ಬ್ಯಾಂಕ್ ಒಡೀಲಿಕ್ಕೆ ಹತ್ತೀರಿ?" ಎಂದು ಉಪ್ಪಿಟ್ಟು ತಂದಿಡುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಸಾಲುಗಳು ಇಳಿದು ಬಂದವು. ನನ್ನ ಪತ್ರಗಳು. ಅವಳವು.

ಮಾಸ್ತರರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ನನಗೆ ಬೆನ್ನು ಮಾಡಿ ಕೂತರು. "ವಿಳಾಸ ಸಿಕ್ಕ ಮ್ಯಾಲ ಹೇಳ್ರಿ." ನಾನು ಎಷ್ಟು ಹೊತ್ತು ಓದಿದೆನೋ, ಅಷ್ಟು ಹೊತ್ತೂ ಅವರು ಗಿರಣಿಯ ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು.

ಭೋರ್ ಸೊಸೈಟಿಯಿಂದ ಅವಳಿಗೆ ಬರೆದೆ. ಆಪರೇಷನ್ನಿಗೆ ಆರು ದಿನ ಉಳಿದಿತ್ತು. ಉತ್ತರ ಬರಲಿಲ್ಲ. ಮತ್ತೆ ಬರೆದೆ. ಆರು ದಿನ ಕಳೆಯಿತು. ಹತ್ತು. ಇಪ್ಪತ್ತು. ತುಂಬ ಸೊಸೈಟಿಗಳಲ್ಲಿ ಗುರುತಿಲ್ಲದವರ ಪತ್ರ ಬೇರೆ ಮೂಲೆಗೆ ಹೋಗಿ ಬೀಳುತ್ತದೆ, ನೋಡಿರಲಿಕ್ಕಿಲ್ಲ ಎಂದು ಮಾಸ್ತರರು ಹೇಳಿದರು. ನಾನು ಬೇರೆಯದನ್ನೇ ಯೋಚಿಸುತ್ತಿದ್ದೆ. ನೋಡಿ ಸಿಟ್ಟಾಗಿದ್ದಾಳೆ. ಅಥವಾ ನೋಡಲು ಅವಳೇ ಇಲ್ಲ. ಸ್ನಾನದ ಮನೆಗೂ ಫೋನ್ ಒಯ್ಯುತ್ತಿದ್ದೆ. ಐ ವಾಸ್ ಹಾಫ್ ಮ್ಯಾಡ್, ಅಷ್ಟೇ.

ಮೂರು ತಿಂಗಳು ಮುಗಿಯಿತು. ಎಲ್ಲರೂ ಭೋರ್‌ಗೋ ಇನ್ನೆಲ್ಲಿಗೋ ಹೋದರು. ಡಬ್ಬಿ ಆರಿಸುವ ದಿನ ನಾನು ಹೋದೆ, ಸಾವಿನ ಮನೆಗೆ ಹೋಗುವಂತೆ. ಡಬ್ಬಿ ಗುಂಯ್‌ಗುಡುತ್ತಲೇ ಇತ್ತು.

"ಇನ್ನೊಂದು ಸ್ವಲ್ಪ ದಿನ ಗೇಟ್ ತಗದಿಡೂಣ," ಎಂದರು ಮಾಸ್ತರರು. "ಅವರು ನಿಮ್ಮನ್ನ ಹುಡಕಿದ್ರ ಮೊದಲು ಹಳೇ ಮನೀಗೇ ಬರ್ತಾರ. ಬಂದಾಗ ಗೇಟಿನ್ಯಾಗ ಒಂದು ಬೋರ್ಡ್ ಇರಬೇಕು."

ನನ್ನ ಹೆಸರನ್ನು ಅವರು ಮರಳಿ ಕೊಡಲಾರರು. ಆದರೆ ಸೊಸೈಟಿಯ ಮುಂಬಾಗಿಲ ಪುಟ ಅವರದು. ಹಳೆಯದೆಲ್ಲ ತೆಗೆದು ಅಲ್ಲಿ ನಾಲ್ಕು ಸಾಲು ಹಾಕಿದ್ದರು. ವೈನಿಯ ಕೈಯಿಂದ ಟೈಪ್ ಮಾಡಿಸಿದ್ದರಂತೆ.

"ಇಂಕ್‌ಪಾಟ್ ಅವರನ್ನು ಹುಡುಕಿ ಬಂದವರ ಗಮನಕ್ಕೆ. ಅವರು ನಿಮ್ಮನ್ನು ಬಿಟ್ಟು ಹೋಗಿಲ್ಲ. ತಪ್ಪು ಬಟನ್ ಒತ್ತಿದ್ದಾರೆ. ಈಗಿನ ವಿಳಾಸ ಕೆಳಗಿದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಂತಿ, ಸೆಕ್ರೆಟರಿ."

ಒಬ್ಬ ನಿವಾಸಿಯೂ ಇಲ್ಲದ ಆ ಸೊಸೈಟಿಗೆ ಅವರು ಐದು ವಾರ ದೀಪ ಹಚ್ಚಿಟ್ಟರು. ಕರೆಂಟ್ ಹೋದರೆ ಎದ್ದು, ಗೋಡೆ ಹಿಡಿದು ಬಂದು, ಮತ್ತೆ ಹಚ್ಚುತ್ತಿದ್ದರು. ಗಂಟೆ ಬಡಿಯುವುದು ನಿಂತಿತ್ತು. ಬರಲು ಅಲ್ಲಿ ಯಾರ ಪತ್ರವೂ ಇರಲಿಲ್ಲ.

ಮಳೆಗಾಲದ ಆರಂಭದಲ್ಲಿ ಅವರಿಗೆ ಜ್ವರ ಬಂತು, ಎದೆಗೆ ಇಳಿಯಿತು, ಎಂಟು ದಿನದಲ್ಲಿ ಹೋದರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾನು ಹೋದಾಗ ಕೋಣೆಯಲ್ಲಿ ಚಾಪೆ ಹಾಸಿತ್ತು, ಕಿಟಕಿಯ ಪಕ್ಕ ಡಬ್ಬಿಯ ದೀಪ ಉರಿಯುತ್ತಿತ್ತು. "ನಿಮ್ಮ ಗೆಳತಿ ಬರೂತನಕ ಆರಿಸಬ್ಯಾಡ ಅಂದಾರ," ಎಂದರು ವೈನಿ. ಆ ಸಲ ಅವರು ಆರತಿಯ ಮಾತು ಆಡಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿಸಿಕೊಂಡು ರಿಕ್ಷಾದಲ್ಲಿ ಮನೆಗೆ ಬರುತ್ತಿದ್ದೆ. ಫೋನ್ ಅಲ್ಲಾಡಿತು. ಬ್ಲಾಟಿಂಗ್, ಪೂರ್ತಿ ವಿಳಾಸದೊಂದಿಗೆ.

"ನಾಲ್ಕು ತಿಂಗಳು ಆಸ್ಪತ್ರಿ, ಫೋನ್ ಕೈಯಾಗ ಇರಲಿಲ್ಲ. ಇವತ್ತು ಮನೀಗೆ ಬಂದೆ. ನಿನ್ನ ಕಾಗದ ಒಂದೂ ಕಾಣಲಿಲ್ಲ. ಮತ್ತ ಹೋದ್ಳು ಅನಕೊಂಡು, ಬೈಲಿಕ್ಕೆ ಅಂತ ನಿನ್ನ ಹಳೇ ಮನೀಗೆ ಹೋದೆ. ಬೋರ್ಡ್ ಓದಿದೆ. ಈ ಸಲ ಹೇಳಿ ಹೋಗೀಯಲ್ಲ, ಇಂಕ್‌ಪಾಟ್. ಸಾಕು. ಯಾರು ಆ ಸೆಕ್ರೆಟರಿ?"

ರಿಕ್ಷಾ ತಿರುಗಿಸಿ ಬಿಬವೇವಾಡಿಗೆ ಹೋದೆ. ವೈನಿ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಸ್ಟೂಲಿನ ಹತ್ತಿರ ಹೋಗಿ, ಅವರೇ ತಮ್ಮ ಕೈಯಿಂದ ಆರಿಸಿದರು.

ಬ್ಲಾಟಿಂಗ್‌ಗೆ ನಾನು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಏನೆಂದು ಬರೆಯಲಿ? ನನಗೆ ಗೊತ್ತಿರುವುದು ಅವರನ್ನು ಕೊನೆಗೆ ಕಂಡ ಮಧ್ಯಾಹ್ನ. ಜ್ವರಕ್ಕೆ ಎರಡು ದಿನ ಮುಂಚೆ.

ಎಂದಿನಂತೆ ನಾನು ಬಾಗಿಲಲ್ಲಿ ಕಾಣಿಸುವ ಮೊದಲೇ, "ಬಂತೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. "ಆತು. ಕೂಡ್ರಿ." ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿ, ಕಪಾಟಿನಿಂದ ಒಂದು ಹಳೆಯ ನೀಲಿ ಬಟ್ಟೆ ತೆಗೆದು ನನ್ನ ಎರಡೂ ಕೈಗಳ ಮೇಲೆ ಹೊದಿಸಿದರು. ಕ್ಲಾಸಿನಲ್ಲಿ ಹುಡುಗಿಯರು ಕೀಲಿ ನೋಡಬಾರದೆಂದು ಹಾಕುತ್ತಿದ್ದ ಬಟ್ಟೆ.

"ಗೆಳತಿಯ ವಿಳಾಸ ಹೊಡೀರಿ. ಪೂರ್ತಿ."

ಬಟ್ಟೆಯ ಕೆಳಗೆ ಬೆರಳುಗಳು ತಾವೇ ಮನೆ ಹುಡುಕಿಕೊಂಡವು. ಹೊಡೆದೆ. ಅವರು ಕನ್ನಡಕ ಎತ್ತಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಹೆಸರು ಓದಿದರು, ಆಮೇಲೆ ಸೊಸೈಟಿ ಓದಿದರು.

"ಎರಡೂ ಅದಾವ. ಪಾಸ್."

ನಾನು ಮೆಟ್ಟಿಲ ಹತ್ತಿರ ನಿಂತು ತಿರುಗಿ ನೋಡಿದೆ. ಅವರು ಆ ಬಟ್ಟೆಯನ್ನು ಮಡಚುತ್ತಿದ್ದರು. ಕೈ ನಡುಗಿ ಅಂಚು ಕೂಡುತ್ತಿರಲಿಲ್ಲ. ಬಿಡಿಸಿದರು, ಮೇಜಿನ ಮೇಲೆ ಹರಡಿ ಸವರಿದರು, ಮತ್ತೆ ಮೊದಲಿನಿಂದ ಮಡಚತೊಡಗಿದರು.